ಇಟಲಿಗೆ ಮುಂಚೆ ನಮ್ಮ ಮೆದೆ

"ಬಿಸಿಲಲ್ಲಿ ಕೂತ್ಕಂಡು ಚಿತ್ರ ಬರ್ಯಾದು ಕಲಿಯಾಕೆ ಇಟಲಿಗಂಟ ಹೋಗ್ಬೇಕಾ ಮೇಷ್ಟ್ರೇ? ನಮ್ಮ ಉಯ್ಯಂಬಳ್ಳಿಲಿ ಬಿಸಿಲಿಗೇನು ಬರವಾ?"

ಕಲ್ಲುಕೂಚದ ಬೇಲಿಯ ಆ ಕಡೆಯಿಂದ ಪಕ್ಕದ ಮನೆ ಗೌಡರು ಕೇಳಿದ ಪ್ರಶ್ನೆ ಇದು. ಅವರ ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಜೂನ್ ತಿಂಗಳಿಗೆ ಇಟಲಿಯ ಫ್ಲಾರೆನ್ಸ್ ಹತ್ತಿರ ಬೇಸಿಗೆಯ ಚಿತ್ರಕಲಾ ಶಿಬಿರವೊಂದು ನಡೆಯುತ್ತದಂತೆ. ಅಲ್ಲಿ ಗದ್ದೆ, ಗುಡ್ಡ, ಬೀದಿ, ಚರ್ಚಿನ ಮುಂದೆ ಕೂತು ಬರೆಯುವುದೇ ಪಾಠ. ಫೀಜು, ವಿಮಾನ, ಊಟ, ವಸತಿ ಎಲ್ಲ ಸೇರಿ ಲಕ್ಷಗಟ್ಟಲೆ ದುಡ್ಡು. ಎರಡು ಬೆಳೆ ರೇಷ್ಮೆ ಗೂಡು ಮಾರಿದರೂ ಸಾಲದು ಅನ್ನುವುದು ಗೌಡರ ಲೆಕ್ಕ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನಾದ್ದರಿಂದ ಪ್ರಶ್ನೆ ಬೇಲಿ ದಾಟಿ ನನ್ನ ಹತ್ತಿರ ಬಂತು.

"ಬಿಸಿಲಿಗೆ ಬರ ಇಲ್ಲ ಗೌಡ್ರೇ. ಆದ್ರೆ ಅಲ್ಲಿನ ಬಿಸಿಲೇ ಬೇರೆ, ನಮ್ಮ ಬಿಸಿಲೇ ಬೇರೆ" ಅಂದೆ.

"ಸೂರ್ಯ ಒಬ್ನೇ ಅಲ್ವಾ?"

ಸೂರ್ಯ ಒಬ್ಬನೇ. ಅವನು ನಿಲ್ಲುವ ಜಾಗ ಬೇರೆ. ಕನಕಪುರ ಸೀಮೆಯ ನಮ್ಮೂರಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆಗಸ್ಟ್‌ನಲ್ಲಿ ಇನ್ನೊಂದು ಸಲ ಬರುತ್ತಾನೆ, ಆಗ ಸಾಮಾನ್ಯವಾಗಿ ಮೋಡದ ಮರೆ. ಏಪ್ರಿಲ್ಲಿನ ಆ ಹೊತ್ತಿನಲ್ಲಿ ಮರದ ನೆರಳು ಮರದ ಬುಡದಲ್ಲೇ ಮುದುರಿಕೊಳ್ಳುತ್ತದೆ, ಮನುಷ್ಯನ ನೆರಳು ಕಾಲಡಿಗೆ ಹೋಗುತ್ತದೆ. ನೆರಳಿಲ್ಲದಿದ್ದರೆ ಗುಡ್ಡಕ್ಕೆ ಉಬ್ಬಿಲ್ಲ, ಗೋಡೆಗೆ ಅಂಚಿಲ್ಲ. ಇಡೀ ಊರು ಒಂದೇ ಬಿಳುಪಿಗೆ ತಿರುಗುತ್ತದೆ. ಬರೆಯುವವನಿಗೆ ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಮತ್ತೆ ಸಂಜೆ ನಾಲ್ಕೂವರೆಯಿಂದ ಆರೂವರೆ, ಅಷ್ಟೇ ಸಿಗುವುದು. ಸಂಜೆ ಸೂರ್ಯ ಮುಳುಗಿದನೆಂದರೆ ಅರ್ಧ ಗಂಟೆಯೊಳಗೆ ಕತ್ತಲು. ಫ್ಲಾರೆನ್ಸ್ ಇರುವುದು ನಮಗಿಂತ ಎಷ್ಟೋ ಉತ್ತರಕ್ಕೆ. ಅಲ್ಲಿ ಜೂನ್ ತಿಂಗಳಲ್ಲಿ ಹಗಲು 15 ಗಂಟೆಗೂ ಹೆಚ್ಚು, ನಮ್ಮಲ್ಲಿ 13 ಗಂಟೆ ತುಂಬುವುದಿಲ್ಲ. ಅವರ ಗಡಿಯಾರದಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಓರೆಯಾಗಿ, ನಿಧಾನವಾಗಿ ಇಳಿಯುವ ಬೆಳಕು. ಉದ್ದುದ್ದ ನೆರಳು ಗಂಟೆಗಟ್ಟಲೆ ಇರುತ್ತದೆ. ಅವರ ಬೇಸಿಗೆ ಹೊರಗೆ ಕೂರುವ ಕಾಲ, ನಮ್ಮ ಬೇಸಿಗೆ ಹೊಂಗೆ ಮರ ಹುಡುಕಿಕೊಂಡು ಹೋಗುವ ಕಾಲ. ಅವರು ಬೇಸಿಗೆ ಶಿಬಿರ ಮಾಡುವುದರಲ್ಲಿ ನ್ಯಾಯವಿದೆ. ನಮ್ಮಲ್ಲಿ ಶಿಬಿರ ಮಾಡಬೇಕಾದ್ದು ಕಾರ್ತಿಕದಿಂದ ಮಾಘದ ತನಕ. ಆದರೆ ನಮ್ಮ ಕಾಲೇಜುಗಳು ರಜೆ ಕೊಡುವುದು ಏಪ್ರಿಲ್ ಮೇನಲ್ಲಿ.

ಗೌಡರು ತಲೆದೂಗಿದರು. "ಹಂಗಾರೆ ಬೆಳಕು ಜಾಸ್ತಿ ಹೊತ್ತು ಸಿಗ್ತದೆ ಅಂತ ಹೋಯ್ತಾರೆ ಅನ್ನಿ."

ಅದೂ ಒಂದು. ಆದರೆ ಬಯಲಲ್ಲಿ ಕೂತು ಬಣ್ಣದಲ್ಲೇ ಚಿತ್ರ ಮುಗಿಸುವುದು ಅಲ್ಲಿಯೂ ಬಹಳ ಹಳೆಯ ರೂಢಿಯಲ್ಲ. ಮುಂಚೆ ಹೊರಗೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡು ಬಂದು ಒಳಗೆ ಕೂತು ಎಣ್ಣೆಬಣ್ಣ ಹಚ್ಚುವವರೇ ಹೆಚ್ಚು. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಂದು ಸಲ ಚುಚ್ಚಿದರೆ ಉಳಿದದ್ದು ಒಣಗಿ ಕೆಡುತ್ತಿತ್ತು. 1841ರಲ್ಲಿ ಜಾನ್ ಗಾಫ್ ರಾಂಡ್ ಎಂಬ ಅಮೆರಿಕದ ಚಿತ್ರಗಾರ ತಗಡಿನ ಟ್ಯೂಬ್ ಕಂಡುಹಿಡಿದ. ಹಲ್ಲುಜ್ಜುವ ಪೇಸ್ಟಿನ ಟ್ಯೂಬಿನ ಹಾಗೆ ಹಿಚುಕುವಂಥದ್ದು. ಟ್ಯೂಬ್ ಬಂತು, ಬಣ್ಣ ಜೋಳಿಗೆಗೆ ಬಂತು, ಚಿತ್ರಗಾರ ಹೊಲಕ್ಕೆ ಬಂದ. ಫ್ರಾನ್ಸಿನ ಮೊನೆ, ಪಿಸಾರೊ ಮುಂತಾದವರು 1874ರಲ್ಲಿ ಪ್ಯಾರಿಸ್‌ನಲ್ಲಿ ಒಟ್ಟಾಗಿ ಪ್ರದರ್ಶನ ಮಾಡಿದಾಗ ಜನ ಬೆಚ್ಚಿದ್ದು ಆ ಹೊರಗಿನ ಬೆಳಕಿಗೆ.

ಮೊನೆಯ ಕಥೆ ಹೇಳದೆ ಇರಲಾರೆ, ಗೌಡರಿಗೂ ಅದನ್ನೇ ವಿವರವಾಗಿ ಹೇಳಿದೆ. ಆತ 1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಬಂದು ಮನೆ ಮಾಡಿದ. 1890ರ ಕೊನೆಯಲ್ಲಿ ಮನೆಯ ಪಕ್ಕದ ಹೊಲದಲ್ಲಿ ರೈತರು ಗೋಧಿ ತೆನೆಯ ಮೆದೆ ಹಾಕಿದ್ದರು. ಅದನ್ನು ಬರೆಯಲು ಕೂತ. ಅರ್ಧ ಆಗುವಷ್ಟರಲ್ಲಿ ಬೆಳಕು ಬದಲಾಯಿತು. ಇನ್ನೊಂದು ಕ್ಯಾನ್ವಾಸ್ ತರಿಸಿದ, ಮತ್ತೊಂದು ತರಿಸಿದ. ಬೆಳಗಿನದು ಒಂದು, ಇಬ್ಬನಿಯದು ಒಂದು, ಹಿಮ ಬಿದ್ದಾಗಿನದು ಒಂದು, ಸಂಜೆ ಕೆಂಪಿನದು ಒಂದು. ಬೆಳಕು ತಿರುಗಿದಂತೆ ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಹೀಗೆ ಮೆದೆಯ ಚಿತ್ರಗಳೇ ಸುಮಾರು 25 ಆದವು.

"ಮೆದೆಯಾ? ನಮ್ಮ ಹುಲ್ಲಿನ ಮೆದೆಯಂಗಾ?"

"ಹೂಂ ಗೌಡ್ರೇ. ನಿಮ್ಮ ಹಿತ್ತಲಲ್ಲಿ ಈಗ ನಿಂತಿರೋ ರಾಗಿ ಹುಲ್ಲಿನ ಮೆದೆಯಂಥದ್ದೇ."

ಇಬ್ಬರೂ ತಿರುಗಿ ಅವರ ಮೆದೆ ನೋಡಿದೆವು. ಕಣ ಮುಗಿದು ಹುಲ್ಲು ಒಟ್ಟಿದಾಗ ಅದರಲ್ಲಿ ಇನ್ನೂ ಹಸಿರಿನ ಛಾಯೆ ಇರುತ್ತದೆ. ಶಿವರಾತ್ರಿಯ ಹೊತ್ತಿಗೆ ಹೊಂಬಣ್ಣ. ಒಂದು ಮಳೆ ಬಿದ್ದರೆ ಹೊರಮೈ ಬೂದಿಗೆ ತಿರುಗುತ್ತದೆ. ದನಕ್ಕೆಂದು ದಿನಾ ಹಿರಿದ ಕಡೆ ಮಾತ್ರ ಗವಿಯ ಹಾಗೆ ಒಳಕ್ಕೆ ಹೋಗಿ, ಆ ಗವಿಯೊಳಗೆ ಹೊಸ ಬಂಗಾರ ಕಾಣುತ್ತದೆ. ಬೆಳಗಿನ ನೆರಳು ಅಲ್ಲಿ ನೇರಳೆ, ಸಂಜೆ ಕಂದು. ಗೌಡರು ಇದನ್ನು ಹುಟ್ಟಿದಂದಿನಿಂದ ನೋಡಿದ್ದಾರೆ. ಅವರ ಮಗಳೂ ನೋಡಿದ್ದಾಳೆ. ಆದರೆ ಅವಳ ಡ್ರಾಯಿಂಗ್ ಪುಸ್ತಕದಲ್ಲಿ ಮೆದೆಯ ಚಿತ್ರ ಒಂದೂ ಇಲ್ಲ. ನಾನು ಅದನ್ನು ತೆಗೆದು ನೋಡಿದ್ದೇನೆ. ಕಾಲೇಜಿನ ಮಾಡೆಲ್, ಹೂಜಿ, ಸೇಬು, ಫೋಟೋ ನೋಡಿ ಬರೆದ ಹಿಮಾಲಯ ಇವೆ. ಕೈ ಚೆನ್ನಾಗಿದೆ. ಊರು ಮಾತ್ರ ಇಲ್ಲ.

ಇದರಲ್ಲಿ ಹುಡುಗಿಯ ತಪ್ಪಿಲ್ಲ, ನಾವು ಕಲಿಸುವ ರೀತಿ ಹಾಗಿದೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆಲ್ಲ ಗೊತ್ತು, ಅಲ್ಲಿ ನಿಸರ್ಗ ಚಿತ್ರ ಅಂತ ಒಂದು ವಿಷಯವೇ ಇದೆ. ಆದರೆ ಎಷ್ಟೋ ಶಾಲೆಗಳಲ್ಲಿ ನಿಸರ್ಗ ಅಂದರೆ ಮೇಜಿನ ಮೇಲೆ ಶೀಶೆಯಲ್ಲಿಟ್ಟ ದಾಸವಾಳದ ಟೊಂಗೆ. ಮರದ ಕೆಳಗೆ ಕೂತು ಮರ ಬರೆದ ಮಕ್ಕಳು ಕಡಿಮೆ. ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯುತ್ತೇನೆ. ಸಸ್ಯಶಾಸ್ತ್ರದ ಮೇಷ್ಟ್ರು, ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದರು. 'ಹಸುರು ಹೊನ್ನು' ಪುಸ್ತಕದ ಗಿಡ ಮರಗಳ ಚಿತ್ರಗಳನ್ನು ತಾವೇ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಮುಂದೆ ನಿಂತು ಕಲಿಸಿದ ಪಾಠ ಎಷ್ಟು ಗಟ್ಟಿ ಅನ್ನುವುದಕ್ಕೆ ಆ ಪುಸ್ತಕ ಸಾಕು.

"ಹಂಗಾರೆ ಕಳಿಸೋದು ಬ್ಯಾಡ ಅಂತೀರಾ?" ಗೌಡರ ಮುಖದಲ್ಲಿ ಒಸಿ ನಿರಾಳ ಕಂಡಿತು.

ಹಾಗನ್ನಲು ನನಗೆ ಮನಸ್ಸಿಲ್ಲ. ಈ ಬೇಸಿಗೆ ಶಿಬಿರಗಳಲ್ಲಿ ನಿಜವಾದ ಪಾಠ ಇದೆ. ಅಮೆರಿಕದಲ್ಲಿ ವಿಲಿಯಂ ಮೆರಿಟ್ ಚೇಸ್ ಎಂಬ ಚಿತ್ರಗಾರ 1891ರಿಂದ 1902ರ ತನಕ ಶಿನ್ನೆಕಾಕ್ ಎಂಬ ಕಡಲತೀರದಲ್ಲಿ ಪ್ರತಿ ಬೇಸಿಗೆ ಶಾಲೆ ನಡೆಸಿದ. ವಾರದಲ್ಲಿ ಒಂದು ದಿನ ಎಲ್ಲರ ಚಿತ್ರಗಳನ್ನೂ ಎಲ್ಲರ ಮುಂದೆ ಇಟ್ಟು ಒಂದೊಂದಾಗಿ ತಿದ್ದುತ್ತಿದ್ದ, ಇನ್ನೊಂದು ದಿನ ಬಯಲಿಗೆ ಬಂದು ಕೂತವರ ಹತ್ತಿರ ಹೋಗಿ ಹೇಳಿಕೊಡುತ್ತಿದ್ದ. ಮಿಕ್ಕ ದಿನ ಅವರಿಗೆ ಅವರೇ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಬೆಟ್ಟದ ಮೇಲಿನ ಕೋಟೆಯೊಳಗೆ ಚಿತ್ರಗಾರ ಆಸ್ಕರ್ ಕೊಕೊಷ್ಕ 1953ರಲ್ಲಿ ಒಂದು ಬೇಸಿಗೆ ಶಾಲೆ ಶುರುಮಾಡಿ, ಅದಕ್ಕೆ 'ನೋಡುವುದರ ಶಾಲೆ' ಅಂತಲೇ ಹೆಸರಿಟ್ಟ. ಬರೆಯುವುದು ಆಮೇಲೆ, ಮೊದಲು ನೋಡು ಅನ್ನುವುದು ಅವನ ಹಟ. ಆ ಬೇಸಿಗೆ ಅಕಾಡೆಮಿ ಈಗಲೂ ನಡೆಯುತ್ತಿದೆ. ಇಂಥ ಕಡೆ ದೇಶದೇಶದ ಹುಡುಗರು ಒಂದೇ ಗುಡ್ಡದ ಮುಂದೆ ಕೂತು ಬರೆಯುತ್ತಾರೆ, ಸಂಜೆ ಎಲ್ಲರ ಹಾಳೆಗಳೂ ಗೋಡೆಗೆ ಏರುತ್ತವೆ. ಪಕ್ಕದವಳಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಅದು ಒಂಟಿಯಾಗಿ ಕೂತವರಿಗೆ ಸುಲಭವಾಗಿ ಹುಟ್ಟುವುದಿಲ್ಲ.

ನಮ್ಮವರೂ ಹೋಗಿದ್ದಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಅವರು ಹುಟ್ಟಿದ್ದು 1911ರಲ್ಲಿ, ಅಂದರೆ ಆಗ ಅವರ ವಯಸ್ಸು 38. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಪಾಠ ಹೇಳಿ, ತಮ್ಮ ಕರಾವಳಿಯ ಜನ, ಹಳ್ಳಿ, ಕೆಲಸ ಎಲ್ಲವನ್ನೂ ಬರೆದು ಕೈ ಪಳಗಿದ ಮೇಲೆ ಹೋದವರು. ವಾಪಸು ಬಂದು ಬರೆದದ್ದೂ ಪ್ಯಾರಿಸ್ಸಿನ ಬೀದಿಗಳನ್ನಲ್ಲ. ಯಕ್ಷಗಾನ, ಕೋಳಿ ಅಂಕ, ಜಾತ್ರೆ, ದುಡಿಯುವ ಜನ ಅವರ ಕ್ಯಾನ್ವಾಸ್ ತುಂಬಿದರು. ಗೆರೆ ಮಾತ್ರ ಮುಂಚಿಗಿಂತ ಹಗುರಾಯಿತು, ಕುಣಿಯಿತು. ಹೋಗುವುದಾದರೆ ಹಾಗೆ ಹೋಗಬೇಕು ಅನ್ನುವುದು ನನ್ನ ಮಾತು. ತನ್ನದೇ ಒಂದು ಊರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದವರಿಗೆ ಪರದೇಶ ಕಲಿಸುತ್ತದೆ. ಬರಿಗೈಯಲ್ಲಿ ಹೋದವರು ಅಲ್ಲಿನ ಮೇಷ್ಟ್ರ ಬಣ್ಣವನ್ನೇ ತಂದು ಇಲ್ಲಿನ ಗುಡ್ಡಕ್ಕೆ ಬಳಿಯುತ್ತಾರೆ. ಇಟಲಿಯ ನೀಲಿ ನೆರಳು ನಮ್ಮ ಕೆಂಪು ಮಣ್ಣಿನ ಮೇಲೆ ಕೂರುವುದಿಲ್ಲ. ನಮ್ಮ ನೆರಳಿಗೆ ಮಣ್ಣಿನ ಕೆಂಪು ಕೆಳಗಿನಿಂದ ಹಾರುತ್ತದೆ.

ಪರದೇಶಕ್ಕೆ ಹೋಗದೆಯೂ ದೊಡ್ಡವರಾದವರಿಲ್ಲವೇ? ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಹಿಂದಿರುಗಿ ಬಂದವರು 1926ರ ಹೊತ್ತಿಗೆ ಊಟಿ, ಆಮೇಲೆ ಕೊಡೈಕನಾಲಿನ ಬೆಟ್ಟಗಳ ಮುಂದೆ ಕೂತರು. ಮಂಜು ಏಳುವುದು, ಮುಂಗಾರಿನ ಮೋಡ ಒಡೆಯುವುದು, ಕೆರೆಯ ಮೇಲೆ ಬೆಳದಿಂಗಳು ಬೀಳುವುದು, ಇವೆಲ್ಲ ನೀರುಬಣ್ಣದಲ್ಲಿ ಬಂದವು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಚಳವಳಿ, 'ತಾಯಿನಾಡು' ಪತ್ರಿಕೆ, ರಾಜಕೀಯ ಅಂತ ಬಹುಕಾಲ ಕುಂಚ ಕೆಳಗಿಟ್ಟಿದ್ದರು. ಮತ್ತೆ ಎತ್ತಿಕೊಂಡಾಗ ಬೆಂಗಳೂರಿನ ರಸ್ತೆಗಳಲ್ಲಿ ಹೂಬಿಟ್ಟ ಮರಗಳೇ ಅವರಿಗೆ ವಿಷಯವಾದವು. ಆ ಗುಲ್‌ಮೊಹರ್ ಕೆಂಪು ಏಪ್ರಿಲ್ ಮೇ ತಿಂಗಳ ಬಿಸಿಲಿನದು, ನಾವು ಬರೆಯಲಾಗದು ಅನ್ನುವ ಅದೇ ಬಿಸಿಲು.

ಇನ್ನೊಂದು ಸಂಗತಿ ಹೇಳಿದಾಗ ಗೌಡರು ಬೇಲಿಗೆ ಇನ್ನಷ್ಟು ಹತ್ತಿರ ಬಂದರು. ನಾವು ಬೆಂಗಳೂರಿಗೆ ಹೋಗುವಾಗ ಬಸ್ಸಿನಲ್ಲಿ ದಾಟುವ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು ರಷ್ಯದ ಚಿತ್ರಗಾರ ಸ್ವೆಟೊಸ್ಲಾವ್ ರೋರಿಕ್ ಮತ್ತು ಚಿತ್ರನಟಿ ದೇವಿಕಾ ರಾಣಿ. ರೋರಿಕ್ ಹುಟ್ಟಿದ್ದು 1904ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ, ತೀರಿಕೊಂಡದ್ದು 1993ರಲ್ಲಿ ಬೆಂಗಳೂರಿನಲ್ಲಿ. ಲಂಡನ್ನು, ಅಮೆರಿಕ, ಕುಲು ಕಣಿವೆ ಎಲ್ಲ ನೋಡಿದ ಆ ಮನುಷ್ಯ ಮನೆ ಮಾಡಿದ್ದು ಕನಕಪುರ ರಸ್ತೆಯಲ್ಲಿ. ಅವರ ಚಿತ್ರಗಳಲ್ಲಿ ದಕ್ಷಿಣದ ಹಳ್ಳಿಯವರ ಮೈಬಣ್ಣವೂ ನಮ್ಮ ಮಣ್ಣಿನ ಕೆಂಪೂ ಇವೆ. ಚಿತ್ರಕಲಾ ಪರಿಷತ್ತಿಗೆ ಹೋದವರು ರೋರಿಕ್ ಗ್ಯಾಲರಿಯಲ್ಲಿ ಅವನ್ನು ನೋಡಬಹುದು.

"ಅವ್ರು ಅಲ್ಲಿಂದ ಇಲ್ಲಿಗೆ, ನಮ್ಮ ಹೆಣ್ಮಗಳು ಇಲ್ಲಿಂದ ಅಲ್ಲಿಗೆ" ಅಂದರು ಗೌಡರು.

ಅಷ್ಟರಲ್ಲಿ ಹುಡುಗಿ ಸೊಪ್ಪಿನ ಕುಕ್ಕೆ ಇಳಿಸಿ ಬಂದಳು. ನಮ್ಮ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವಳು ಹೇಳಿದ್ದನ್ನು ನಾನು ಬಹಳ ಯೋಚಿಸಿದ್ದೇನೆ.

"ಮೇಷ್ಟ್ರೇ, ನೀವು ಹೇಳೋದೆಲ್ಲ ಸರಿ. ಆದ್ರೆ ನಾನು ಇಲ್ಲಿ ಎಲ್ಲಿ ಕೂತ್ಕೊಳ್ಳಲಿ? ಕಾವೇರಿ ಸಂಗಮದಲ್ಲಿ ಮತ್ತಿಮರ ಬರೀತಾ ಕೂತಿದ್ದೆ. ಹತ್ತು ಜನ ಸುತ್ತ ನಿಂತ್ಕೊಂಡ್ರು. ಒಬ್ಬ ಫೋಟೋ ತೆಗೀತಾನೆ, ಒಬ್ಬ ಯಾರ ಮಗಳು ಅಂತ ಕೇಳ್ತಾನೆ. ಹೊಲದ ಬದೀಲಿ ಕೂತ್ರೆ ಸರ್ವೇಗೆ ಬಂದಿದ್ದೀಯಾ, ಯಾರ ಜಮೀನು ಹೋಗುತ್ತೆ ಅಂತಾರೆ. ಅಲ್ಲಿ ನಾನು ಬೀದೀಲಿ ಇಡೀ ದಿನ ಕೂತಿದ್ರೂ ಯಾರೂ ಏನೂ ಕೇಳಲ್ವಂತೆ. ನಾನು ಹೋಗ್ಬೇಕು ಅಂತಿರೋದು ಅದಕ್ಕೇ."

ಗೌಡರು ಸುಮ್ಮನಾದರು. ನಾನೂ ಸುಮ್ಮನಾದೆ. ಜನರ ಅನುಮಾನಕ್ಕೂ ಕಾರಣ ಇಲ್ಲದೆ ಇಲ್ಲ. ನಮ್ಮ ಸೀಮೆಯ ಬೆಟ್ಟಗಳನ್ನು ಕೂತು ಬರೆದ ಪರದೇಶದವರು ಮೊದಮೊದಲು ಬಂದದ್ದು ಸೈನ್ಯದ ಜೊತೆ. 1791ರ ಡಿಸೆಂಬರ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿಯಿತು. ಆ ದಂಡಿನ ಜೊತೆ ಇದ್ದ ರಾಬರ್ಟ್ ಹೋಮ್ ಎಂಬ ಚಿತ್ರಗಾರ ಮೈಸೂರು ಸೀಮೆಯ ಕೋಟೆ ಬೆಟ್ಟಗಳನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಆಗ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಪಾಲ್ ಸ್ಯಾಂಡ್ಬಿ ಎಂಬ ಹೆಸರಾಂತ ನಿಸರ್ಗ ಚಿತ್ರಗಾರ. ನೆಲ ನೋಡಿ ಬರೆಯುವುದು ಫಿರಂಗಿ ಅಧಿಕಾರಿಗಳಿಗೆ ಕಡ್ಡಾಯದ ವಿದ್ಯೆಯಾಗಿತ್ತು. ಈಗ ಕಾವೇರಿಗೆ ಅಣೆಕಟ್ಟು ಕಟ್ಟುವ ಮೇಕೆದಾಟು ಯೋಜನೆಯ ಮಾತು ವರ್ಷಗಳಿಂದ ನಡೆದಿರುವಾಗ, ಕಾಗದ ಹಿಡಿದು ನೆಲ ನೋಡುವವರನ್ನು ಕಂಡರೆ ಹೊಲ ಇರುವವನ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಭಾರವನ್ನು ಬಣ್ಣದ ಪೆಟ್ಟಿಗೆ ಹಿಡಿದ ಹತ್ತೊಂಬತ್ತರ ಹುಡುಗಿಯ ಮೇಲೆ ಹಾಕುವುದು ನ್ಯಾಯವಲ್ಲ. ಹೆಣ್ಣುಮಗಳೊಬ್ಬಳು ತನ್ನ ಹೋಬಳಿಯಲ್ಲೇ ಒಂದು ಮರದ ಮುಂದೆ ನೆಮ್ಮದಿಯಿಂದ ಕೂರಲಾರಳು, ಅದಕ್ಕಾಗಿ ಸಮುದ್ರ ದಾಟಬೇಕು ಅನ್ನುವುದು ನನಗೆ ಸಂಕಟದ ವಿಷಯ.

ಗೌಡರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಕಳಿಸಿ, ಆದರೆ ಮುಂದಿನ ವರ್ಷ. ಈ ಒಂದು ವರ್ಷ ಮೆದೆಯಿಂದ ಶುರುವಾಗಲಿ. ಅದು ನಿಮ್ಮ ಹಿತ್ತಲು, ಅಲ್ಲಿ ಯಾರೂ ಬಂದು ಕೇಳುವುದಿಲ್ಲ. ಊರಿಗೆ ಬಂದಾಗಲೆಲ್ಲ ಒಂದು ಹಾಳೆ, ಬೆಳಿಗ್ಗೆಯದು ಬೆಳಿಗ್ಗೆ, ಸಂಜೆಯದು ಸಂಜೆ. ಆಮೇಲೆ ಹುಳು ಮನೆ. ನಾಲ್ಕನೇ ಜ್ವರ ಎದ್ದು ಸೊಪ್ಪು ತಿಂದ ಹುಳು ಹಣ್ಣಾಗುವಾಗ ಮೈ ತಿಳಿಯಾಗಿ ಒಳಗಿನಿಂದ ಹಳದಿ ಹೊಳೆಯುತ್ತದೆ. ಅದನ್ನು ಆರಿಸಿ ಗೂಡು ಕಟ್ಟುವ ಚಂದ್ರಂಕಿಗೆ ಬಿಡುವುದನ್ನು ಈ ಹುಡುಗಿ ಚಿಕ್ಕಂದಿನಿಂದ ಮಾಡಿದ್ದಾಳೆ. ಸಾವಿರ ಹುಳುಗಳ ನಡುವೆ ಹಣ್ಣಾದದ್ದನ್ನು ಬಣ್ಣದಿಂದಲೇ ಗುರುತಿಸುವ ಕಣ್ಣು ಅದು. ಅಂಥ ಕಣ್ಣಿಗೆ ಜಲವರ್ಣದ ತಿಳಿಹಳದಿ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಅವಳು ಇನ್ನೂ ಕಾಗದಕ್ಕೆ ತಂದಿಲ್ಲ, ತರಲಿ.

"ಮತ್ತೆ ಹೊರಗೆ?" ಅಂದಳು ಹುಡುಗಿ.

"ಹೊರಗೆ ನಾನೂ ಬರ್ತೀನಿ ಕಣವ್ವ. ನಿನ್ನ ಜೊತೆಯವರನ್ನೂ ಕರ್ಕೊಂಡು ಬಾ. ನಾಲ್ಕು ಜನ ಕೂತ್ರೆ ಜನ ಬೇಗ ಸುಮ್ಮನಾಗ್ತಾರೆ."

ಕೆಲಸದ ಮಾತೂ ಹೇಳಿದೆ. ನಮ್ಮ ಬೇಸಿಗೆಯಲ್ಲಿ ನೀರುಬಣ್ಣದ ಮೊದಲ ಬಳಿತ ಎರಡನೆಯದು ಬರುವ ಮುಂಚೆಯೇ ಒಣಗುತ್ತದೆ. ಕಾಗದದ ಹಿಂಬದಿಗೂ ನೀರು ಹಚ್ಚಿ, ಕೆಳಗೆ ಒದ್ದೆ ಬಟ್ಟೆ ಹಾಸಿಕೊಂಡರೆ ಸ್ವಲ್ಪ ಹೊತ್ತು ಹಸಿ ಉಳಿಯುತ್ತದೆ. ಬಿಸಿಲು ನೇರ ಹಾಳೆಯ ಮೇಲೆ ಬೀಳಬಾರದು. ಆ ಪ್ರಖರದಲ್ಲಿ ಬಣ್ಣವೆಲ್ಲ ತೆಳುವಾಗಿ ಕಂಡು ಕೈ ಗಾಢವಾಗಿ ಬಳಿಯುತ್ತದೆ, ಮನೆಗೆ ಬಂದು ನೋಡಿದರೆ ಚಿತ್ರ ಕಪ್ಪು. ಮೊದಲು ನೆರಳುಗಳ ಗಡಿ ಗುರುತು ಮಾಡಿಕೊಂಡು ಬಿಡಬೇಕು, ಆಮೇಲೆ ಸೂರ್ಯ ಎಲ್ಲಿಗೆ ಹೋದರೂ ಆ ಗುರುತನ್ನು ಬಿಡಬಾರದು. ಕಾಡಿನಂಚಿಗೆ ಬೆಳಗ್ಗೆ ಬೇಗ, ಸಂಜೆ ತಡವಾಗಿ ಹೋಗಕೂಡದು, ಆನೆ ಇಳಿಯುವ ಹೊತ್ತು ಅದು. ಇಟಲಿಯ ಶಿಬಿರದಲ್ಲಿ ಈ ಕೊನೆಯ ಪಾಠ ಸಿಗುವುದಿಲ್ಲ.

ಮುಂದಿನ ಜೂನ್‌ಗೆ ಅವಳು ಹೋಗುವುದಾದರೆ ವೀಸಾ ಕಾಗದಗಳ ಜೊತೆ ಉಯ್ಯಂಬಳ್ಳಿಯ ಒಂದು ಕಟ್ಟು ಹಾಳೆಯೂ ಪೆಟ್ಟಿಗೆಯಲ್ಲಿರಬೇಕು. ಅಲ್ಲಿನ ಮೇಷ್ಟ್ರು ಅದನ್ನು ಗೋಡೆಗೆ ಹಾಕಿ ತಿದ್ದಲಿ. ಆಗ ಲಕ್ಷ ಖರ್ಚಾದರೂ ದಂಡವಲ್ಲ. ಗೌಡರು ಒಪ್ಪಿದ್ದಾರೆ, ಗೂಡಿನ ರೇಟು ಕೈ ಹಿಡಿದರೆ ಅನ್ನುವ ಷರತ್ತಿನ ಮೇಲೆ.

ಇನ್ನು ನಮ್ಮ ಸೀಮೆಯವರಲ್ಲಿ ನನ್ನದೊಂದು ಬೇಡಿಕೆ. ಡ್ರಾಯಿಂಗ್ ಮೇಷ್ಟ್ರುಗಳೇ, ವಾರಕ್ಕೆ ಒಂದು ಪೀರಿಯಡ್ ಮಕ್ಕಳನ್ನು ಶಾಲೆಯ ಹೊರಗಿನ ಹುಣಸೆ ಮರದ ಕೆಳಗೆ ಕೂರಿಸಿ. ಮತ್ತು ರಸ್ತೆ ಬದಿಯಲ್ಲೋ ಹೊಳೆ ದಂಡೆಯಲ್ಲೋ ಹಲಗೆ ಹಿಡಿದು ಕೂತ ಹುಡುಗಿಯನ್ನು ಕಂಡರೆ ಯಾರ ಮಗಳು ಎಂದು ಕೇಳಬೇಡಿ, ಫೋಟೋ ತೆಗೆಯಬೇಡಿ, ಅವಳ ಬೆಳಕಿಗೆ ಅಡ್ಡ ನಿಲ್ಲಬೇಡಿ. ಕುಡಿಯಲು ನೀರು ಬೇಕಾ ಅಂತ ಒಂದು ಮಾತು ಕೇಳಿ, ನಿಮ್ಮ ಕೆಲಸಕ್ಕೆ ಹೋಗಿ.